ಹಿಮವಿಲ್ಲದ ತಿಂಗಳಲ್ಲಿ ಚೇರ್‌ಲಿಫ್ಟ್: ಸೈಕಲ್ ಏರಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆ ಸುರಿಯುವ ಹೊತ್ತಿನಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ ಹಿಮ ಕರಗಿ ಹುಲ್ಲು ಚಿಗುರಿರುತ್ತದೆ. ಕಂಬದಿಂದ ಕಂಬಕ್ಕೆ ಓಡುವ ಉಕ್ಕಿನ ಹಗ್ಗಕ್ಕೆ ಕುರ್ಚಿಗಳನ್ನು ತೂಗಿಸಿಕೊಂಡು ಚಳಿಗಾಲದಲ್ಲಿ ಸ್ಕೀ ಆಡುವವರನ್ನು ಹೊತ್ತ ಚೇರ್‌ಲಿಫ್ಟುಗಳು ಆಗ ಬೆಟ್ಟದ ಸೈಕಲ್ಲುಗಳನ್ನು ಮೇಲಕ್ಕೆ ಸಾಗಿಸುತ್ತವೆ. ಕೆನಡಾದ ವಿಸ್ಲರ್‌ನಲ್ಲೂ ಇದೇ ಏರ್ಪಾಡು. ಸವಾರ ತುಳಿಯದೆ ಮೇಲೇರಿ, ಜಾಡು ಹಿಡಿದು ಇಳಿಯುತ್ತಾನೆ.

ಚೇರ್‌ಲಿಫ್ಟ್ ಹುಟ್ಟಿದ್ದು 1936ರಲ್ಲಿ, ಅಮೆರಿಕದ ಸನ್ ವ್ಯಾಲಿಯಲ್ಲಿ. ಯೂನಿಯನ್ ಪೆಸಿಫಿಕ್ ರೈಲ್ವೆಯ ಇಂಜಿನಿಯರ್ ಜೇಮ್ಸ್ ಕರನ್ ಅವರಿಗೆ ಬಾಳೆಗೊನೆಗಳನ್ನು ಹಡಗಿಗೇರಿಸುವ ಕೊಕ್ಕೆಸಾಲಿನ ಪರಿಚಯವಿತ್ತು. ಕೊಕ್ಕೆ ಇದ್ದಲ್ಲಿ ಕುರ್ಚಿ ತೂಗಿಸಿದರು. ಈಗ ಸೈಕಲ್ಲಿನ ದೆಸೆಯಿಂದ ಅದೇ ಕುರ್ಚಿಗೆ ಮತ್ತೆ ಕೊಕ್ಕೆ ಬಂದಿದೆ.

ಲಿಫ್ಟಿಗೆ ಸೈಕಲ್ ಭಾರವಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಜನ ಕೂರುವ ಕುರ್ಚಿ, ತಲೆಗೆ 80 ಕಿಲೋ ಎಂದರೆ 320 ಕಿಲೋ. ಇಳಿಜಾರಿನ ಸೈಕಲ್ 15ರಿಂದ 18 ಕಿಲೋ, ಬ್ಯಾಟರಿಯದ್ದು 25ರ ಆಸುಪಾಸು. ಇಬ್ಬರು ಸವಾರರೂ ಎರಡು ಸೈಕಲ್ಲೂ ಸೇರಿದರೆ 210 ಕಿಲೋ ದಾಟುವುದು ಕಷ್ಟ. ತೂಕ ತೊಂದರೆಯಲ್ಲ, ಅದು ಎಲ್ಲಿ ತೂಗುತ್ತದೆ ಎಂಬುದೇ ತೊಂದರೆ. ಬೆನ್ನೊರಗಿನ ಹಿಂದೆ ಸೈಕಲ್ ನೇತುಹಾಕಿದರೆ ಕುರ್ಚಿ ಹಿಂದಕ್ಕೆ ವಾಲಿ ಆಸನದ ಮುಂತುದಿ ಮೇಲೇಳುತ್ತದೆ. ಕೂತವರು ಇಳಿದ ಕೂಡಲೇ ಈ ವಾಲು ಇನ್ನೂ ಹೆಚ್ಚುತ್ತದೆ. ಪಕ್ಕಕ್ಕೆ ತೂಗಿಸಿದರೆ ಓರೆ ಇನ್ನೊಂದು ದಿಕ್ಕಿಗೆ, ಹ್ಯಾಂಡಲ್ ಕಂಬದ ಕಡೆಗೆ.

ಹಾಗಾಗಿ ಹಲವು ಕಡೆ ಒಂದು ಕುರ್ಚಿ ಜನರಿಗೆ, ಮುಂದಿನದ್ದು ಸೈಕಲ್ಲಿಗೆ ಎಂದು ಹಂಚುತ್ತಾರೆ. ಅಳತೆ ಸರಳ: ಮುಂದಿನ ಚಕ್ರಕ್ಕೆ ರಬ್ಬರ್ ಹೊದಿಸಿದ ಕೊಕ್ಕೆ, ಹಿಂದಿನ ಚಕ್ರಕ್ಕೆ ಅದು ಇಳಿದು ಕೂರುವ ತೋಡು. ತೋಡಿನ ಅಗಲ 2.6 ಇಂಚಿನ ಟೈರಿಗೆ ಸಾಕಾಗುವಂತಿದ್ದರೆ 4 ಇಂಚಿನ ದಪ್ಪ ಟೈರು ಅದರೊಳಗೆ ಇಳಿಯದು. ಮಕ್ಕಳ 20 ಇಂಚಿನ ಚಕ್ರದ ಸೈಕಲ್ಲು ಕೊಕ್ಕೆಗೆ ಎಟುಕದೆ ಕೈಯಲ್ಲೇ ಉಳಿಯುತ್ತದೆ.

ಕುರ್ಚಿಯ ತೂಗುಕಂಬಕ್ಕೆ ವೆಲ್ಡಿಂಗ್ ಮಾಡಬಾರದು, ತೂತು ಕೊರೆಯಲೂಬಾರದು. ಕಾವು ತಗುಲಿದರೆ ಉಕ್ಕಿನ ಗುಣವೇ ಬದಲಾಗಿ ಅಲ್ಲಿ ಬಿರುಕು ಹುಟ್ಟುತ್ತದೆ. ಯು-ಬೋಲ್ಟಿನಿಂದ ಹಿಡಿಸಿ, ಸಡಿಲವಾಗದ ನೈಲಾನ್ ನಟ್ಟು ಬಿಗಿದು, ನಟ್ಟಿನಿಂದ ಬೋಲ್ಟಿಗೆ ಬಣ್ಣದ ಒಂದು ಗೆರೆ ಎಳೆಯಿರಿ. ಕುರ್ಚಿ ಪ್ರತಿ ಕಂಬದ ಗಾಲಿಸಾಲನ್ನು ದಾಟುವಾಗ ನಡುಗುತ್ತದೆ. ಬೆಳಿಗ್ಗೆ ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಎಂದರ್ಥ. ಇಂಥ ಜೋಡಣೆಗೆ ಲಿಫ್ಟ್ ತಯಾರಕರ ಒಪ್ಪಿಗೆಯೂ ಬೇಕು. ಮುಂದಿನ ಸುರಕ್ಷಾ ಕಂಬಿ ಮೇಲಕ್ಕೆ ಎತ್ತಿದಾಗ ಸೈಕಲ್ಲಿಗೆ ತಗುಲುತ್ತದೆಯೇ ಎಂದು ನೋಡಲು ಮರೆಯಬಾರದು, ಇದು ಬಹಳ ಕಡೆ ತಪ್ಪಿಹೋಗುವ ಸಂಗತಿ.

ಇನ್ನು ಹತ್ತುವ ಜಾಗ. ಚಳಿಗಾಲದಲ್ಲಿ ತುಳಿದ ಹಿಮವೇ ನೆಲವನ್ನು ಎತ್ತರಿಸಿ ಆಸನಕ್ಕೆ ಹೊಂದಿಸಿರುತ್ತದೆ. ಹಿಮ ಹೋದ ಮೇಲೆ ಆಸನ ಕೈಗೆಟುಕದಷ್ಟು ಮೇಲೆ ನಿಲ್ಲಬಹುದು. ನೆಲದಿಂದ ಆಸನಕ್ಕೆ ಸುಮಾರು 45 ಸೆಂಟಿಮೀಟರ್ ಉಳಿಯುವಂತೆ ಹಲಗೆಯ ಕಟ್ಟೆ ಕಟ್ಟಿ ಮೇಲೆ ರಬ್ಬರ್ ಹಾಸಬೇಕು. ಮೇಲುತುದಿಯಲ್ಲಿ ಸ್ಕೀ ಹಾಕಿದವನು ಇಳಿಜಾರಿನಲ್ಲಿ ಜಾರಿ ಹೋಗುತ್ತಾನೆ, ನಡೆಯುವವನು ಅಲ್ಲೇ ನಿಲ್ಲುತ್ತಾನೆ, ಹಿಂದಿನ ಕುರ್ಚಿ ಬಂದು ಅವನ ಬೆನ್ನಿಗೆ ಬಡಿಯುತ್ತದೆ. ಅದಕ್ಕೇ ವೇಗ ತಗ್ಗಿಸುವುದು. ಕುರ್ಚಿಗಳ ನಡುವೆ 24 ಮೀಟರ್ ಅಂತರ, ಸೆಕೆಂಡಿಗೆ 2 ಮೀಟರ್ ವೇಗ ಎಂದಿಟ್ಟುಕೊಳ್ಳಿ, 12 ಸೆಕೆಂಡಿಗೊಂದು ಕುರ್ಚಿ. ವೇಗ 1.2 ಮೀಟರಿಗೆ ಇಳಿಸಿದರೆ 20 ಸೆಕೆಂಡು. ಒಂದು ಗಂಟೆಗೆ 300 ಇದ್ದದ್ದು 180ಕ್ಕೆ ಬಂತು, ಅದರಲ್ಲಿ ಅರ್ಧ ಸೈಕಲ್ಲಿಗೆ ಹೋಯಿತು. ಸಾಲು ಉದ್ದವಾದರೆ ಯಾರೂ ಗೊಣಗಬೇಕಿಲ್ಲ. ಕುರ್ಚಿಯನ್ನು ಹಗ್ಗಕ್ಕೆ ಕಚ್ಚಿಸುವ ಗ್ರಿಪ್ ನಿಲ್ದಾಣದಲ್ಲಿ ಹಗ್ಗವನ್ನು ಬಿಟ್ಟು ಮತ್ತೆ ಹಿಡಿಯುವ ಹೊಸ ಲಿಫ್ಟುಗಳಲ್ಲಿ ಈ ಪೇಚಾಟ ಕಡಿಮೆ: ದಾರಿಯಲ್ಲಿ ಸೆಕೆಂಡಿಗೆ 5 ಮೀಟರ್ ಓಡುವ ಕುರ್ಚಿ, ನಿಲ್ದಾಣದೊಳಗೆ 1 ಮೀಟರಿನ ಸುಮಾರಿಗೆ ಇಳಿಯುತ್ತದೆ.

ಮೇಲುತುದಿಯಲ್ಲಿ ಇಳಿಸದೆ ಬಿಟ್ಟ ಸೈಕಲ್ ಹಗ್ಗ ಹಿಂತಿರುಗುವ ದೊಡ್ಡ ಗಾಲಿಯನ್ನು ಸುತ್ತುವಾಗ ಹೊರಕ್ಕೆ ಬೀಸಿ ಕಟ್ಟಡಕ್ಕೆ ಸಿಕ್ಕಿಕೊಳ್ಳುತ್ತದೆ. ಅದಕ್ಕೂ ಮೊದಲೇ ತಗುಲಿ ಲಿಫ್ಟ್ ನಿಲ್ಲಿಸುವ ಸ್ವಿಚ್ಚಿನ ಕಡ್ಡಿ ಬೇಕೇ ಬೇಕು. ಹ್ಯಾಂಡಲ್ಲಿನ ಅಗಲವೇ 80 ಸೆಂಟಿಮೀಟರ್, ಅದು ದಾರಿಯ ಕಂಬಗಳಿಗೂ ತಗುಲೀತು. ಜನರನ್ನು ಹತ್ತಿಸುವ ಮುಂಚೆ ಸೈಕಲ್ ಹಾಕಿದ ಖಾಲಿ ಕುರ್ಚಿಯನ್ನು ನಿಧಾನವಾಗಿ ಮೇಲುತುದಿಯವರೆಗೆ ಓಡಿಸಿ, ಒಂದೊಂದು ಕಂಬದ ಬಳಿಯೂ ಒಬ್ಬರು ನಿಂತು ನೋಡಬೇಕು.

ಲಿಫ್ಟ್ ನಡೆಸುವವರಿಗೆ ನಿಜವಾದ ನಷ್ಟ ಬೇರೆಯೇ. ಬೇಸಿಗೆ ಅವರ ರಿಪೇರಿಯ ಕಾಲ. ಬಿಟ್ಟು ಹಿಡಿಯದ ಗ್ರಿಪ್ಪುಗಳನ್ನು ಹಗ್ಗದ ಮೇಲೆ ಆಗಾಗ ಸ್ವಲ್ಪ ಸರಿಸುತ್ತಿರಬೇಕು, ಇಲ್ಲವಾದರೆ ಒಂದೇ ಜಾಗದ ಉಕ್ಕಿನ ಎಳೆಗಳು ದಣಿದು ಮುರಿಯುತ್ತವೆ. ಗಾಲಿಗಳ ರಬ್ಬರ್ ಬದಲಿಸಬೇಕು, ಹಗ್ಗವನ್ನು ಅಯಸ್ಕಾಂತದ ಯಂತ್ರದಿಂದ ಪರೀಕ್ಷಿಸಬೇಕು. ಸೈಕಲ್ ಆದಾಯಕ್ಕೆ ಬೇಸಿಗೆಯನ್ನು ಬಿಟ್ಟುಕೊಟ್ಟರೆ ಈ ಕೆಲಸವೆಲ್ಲ ಕೆಲವು ವಾರಗಳಿಗೆ ಒತ್ತಿಕೊಳ್ಳುತ್ತದೆ. ಹಾಗೆಂದು ಅದನ್ನು ಮುಂದೂಡುವಂತಿಲ್ಲ.

ಸವಾರರ ಕಡೆಯಿಂದ ಒಂದು ಮಾತು. ನೀರಿನ ಬಾಟಲಿ, ಪಂಪು, ಸೀಟಿನ ಚೀಲ ಮೊದಲೇ ತೆಗೆಯಿರಿ, ಕೆಳಗಿನ ಜಾಡಿನಲ್ಲೂ ಜನರಿರುತ್ತಾರೆ. ತೋಡಿನ ಅಂಚಿಗೆ ಬ್ರೇಕಿನ ಡಿಸ್ಕ್ ತಾಗಿದರೆ ಸೊಟ್ಟಗಾಗಿ ಇಳಿಯುವಾಗ ಕಿರುಗುಟ್ಟುತ್ತದೆ. ಮೂತಿ ಮೇಲಾಗಿ ತೂಗಿದ ಸೈಕಲ್ಲಿನ ಎಣ್ಣೆ ಬ್ರೇಕಿನಲ್ಲಿ ಗಾಳಿಯಿದ್ದರೆ ಅದು ಪೈಪಿಗೆ ಸೇರಿ ಲಿವರು ಮೆತ್ತಗಾಗಬಹುದು. ಮೇಲೆ ಸೈಕಲ್ ಹತ್ತುವ ಮುನ್ನ ಎರಡು ಲಿವರನ್ನೂ ನಾಲ್ಕಾರು ಬಾರಿ ಹಿಂಡಿ ನೋಡಿ.

ಇನ್ನು ನಮ್ಮೂರಿನ ಮಾತು. ಆಲ್ಪ್ಸಿನ ಲಿಫ್ಟ್ ಕಟ್ಟಿದ್ದು ಚಳಿಗಾಲಕ್ಕೆ, ಸೈಕಲ್ ಬರುವುದು ಮೇಲಿನ ಸಂಪಾದನೆ. ಸೈಕಲ್ಲಿಗೆಂದೇ ಕೊಡಗಿನಲ್ಲಿ ಹೊಸದಾಗಿ ಕಂಬ ನೆಡುವುದು ಹಣಕ್ಕೂ ಸಲ್ಲದು, ಮಣ್ಣಿಗೂ ಸಲ್ಲದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಗೆ ಪಿಕಪ್ಪೇ ಸಾಕು. ಹಿಂಬಾಗಿಲಿನ ಅಂಚಿಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿ, ಮುಂದಿನ ಚಕ್ರ ಹೊರಗಿಳಿಬಿಟ್ಟು ಫ್ರೇಮಿನ ಕೆಳಗೊಳವೆ ಅದರ ಮೇಲೆ ಕೂರುವಂತಿಡಿ. ಬ್ರೇಕಿನ ಪೈಪು ಗೋಣಿಗೂ ಫ್ರೇಮಿಗೂ ನಡುವೆ ಸಿಕ್ಕಿ ಜಜ್ಜದಂತೆ ಬೆರಳಾಡಿಸಿ ನೋಡಿ. ಗೋಣಿಗೆ ಕೆಸರು ಮೆತ್ತಿದ್ದರೆ ಕೊಡವಿ ಬೇರೆ ಹಾಕಿ. ಮಡಿಕೇರಿ ಬಳಿಯ ಗಾಳಿಬೀಡಿನ ತಿರುವುಗಳಲ್ಲಿ ಒಮ್ಮೆ ಅಲ್ಲಾಡಿಬಂದರೂ ಆ ಕೆಸರಿನ ಮರಳು ಬಣ್ಣವನ್ನು ಉಜ್ಜಿ ಫ್ರೇಮಿನ ಕಾರ್ಬನ್ನಿನವರೆಗೆ ಹೋಗಿರುತ್ತದೆ.