ರೇಡಿಯೊದಲ್ಲಿ ಬಂದ ಪ್ರೋಗ್ರಾಮು, ಗ್ರೂಪಿನಲ್ಲಿ ಬಂದ ಕೋಡು

ಕೇಳುಗರಿಗೆ ನಮಸ್ಕಾರ.

ಪ್ರೋಗ್ರಾಮರ್‌ಗಳು ಒಬ್ಬರಿಗೊಬ್ಬರು ಕೋಡ್ ಹಂಚಿಕೊಳ್ಳುವ ಬಗ್ಗೆ ಇವತ್ತಿನ ಮಾತು. ಕೋಡ್ ಕಣ್ಣಿಗೆ ಕಾಣಬೇಕು, ಅದನ್ನು ರೇಡಿಯೊದಲ್ಲಿ ಕೇಳಿ ಏನು ಮಾಡೋದು ಅನ್ನಬೇಡಿ. ಒಂದು ಕಾಲದಲ್ಲಿ ಕೋಡ್ ರೇಡಿಯೊದಲ್ಲೇ ಬರುತ್ತಿತ್ತು. ಯಾರೋ ಓದಿ ಹೇಳುತ್ತಿರಲಿಲ್ಲ. ಪ್ರೋಗ್ರಾಮೇ ಸದ್ದಾಗಿ ಬರುತ್ತಿತ್ತು.

ಇದು 1980ರ ದಶಕದ ಶುರುವಿನ ನೆದರ್‌ಲ್ಯಾಂಡ್ಸ್. ಅಲ್ಲಿನ ಪ್ರಸಾರ ಸಂಸ್ಥೆ ಎನ್‌ಓಎಸ್‌ನಲ್ಲಿ ‘ಹಾಬಿಸ್ಕೋಪ್’ ಅಂತ ಒಂದು ಕಾರ್ಯಕ್ರಮ ಇತ್ತು. ಆಗಿನ ಮನೆ ಕಂಪ್ಯೂಟರ್‌ಗಳು ಪ್ರೋಗ್ರಾಮನ್ನು ಮಾಮೂಲಿ ಹಾಡಿನ ಕ್ಯಾಸೆಟ್ಟಿನಲ್ಲೇ ಉಳಿಸುತ್ತಿದ್ದವು. ಕ್ಯಾಸೆಟ್ಟಿನಲ್ಲಿ ಇರೋದು ಸದ್ದು ತಾನೆ? ಹಾಗಾದರೆ ಅದನ್ನು ಪ್ರಸಾರವನ್ನೂ ಮಾಡಬಹುದು. ಕೇಳುಗರು ಟೇಪ್ ರೆಕಾರ್ಡರ್ ಒತ್ತಿ ಆ ಕೀರಲು ಸದ್ದನ್ನು ತುಂಬಿಸಿಕೊಂಡು, ಆಮೇಲೆ ತಮ್ಮ ಕಂಪ್ಯೂಟರಿಗೆ ಹಾಕುತ್ತಿದ್ದರು.

ತೊಡಕು ಬಂದದ್ದು ಬೇರೆ ಕಡೆ. ಕಮೊಡೋರ್ ಕಂಪ್ಯೂಟರಿನ ಟೇಪು ಆಪಲ್ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ. ಎಲ್ಲರದೂ ಬೇಸಿಕ್ ಭಾಷೆಯೇ, ಆದರೆ ಪರದೆ ಒರೆಸುವ ಆಜ್ಞೆ ಒಂದೊಂದರಲ್ಲಿ ಒಂದೊಂದು ಥರ. ಅದಕ್ಕೆ ಅವರು ‘ಬೇಸಿಕೋಡ್’ ಅಂತ ಒಂದು ಒಪ್ಪಂದ ಮಾಡಿಕೊಂಡರು. ಸೊನ್ನೆಗೆ 1200 ಹರ್ಟ್ಜ್‌ನ ಒಂದು ಅಲೆ, ಒಂದಕ್ಕೆ 2400 ಹರ್ಟ್ಜ್‌ನ ಎರಡು ಅಲೆ. ಸೆಕೆಂಡಿಗೆ 1200 ಬಿಟ್, ಅಂದರೆ ಅಷ್ಟು ಸೊನ್ನೆ-ಒಂದುಗಳು. ಒಂದು ಅಕ್ಷರಕ್ಕೆ 11 ಬಿಟ್ ಬೇಕು, ಅಂದರೆ ಸೆಕೆಂಡಿಗೆ ಸುಮಾರು 109 ಅಕ್ಷರ. ಚಿಕ್ಕದೊಂದು ಆಟಕ್ಕೆ ಒಂದೆರಡು ನಿಮಿಷ ಸಾಕಾಗುತ್ತಿತ್ತು.

ನನಗೆ ಸದ್ದಿಗಿಂತ ಜಾಸ್ತಿ ಹಿಡಿಸಿದ್ದು ಅವರ ಸಾಲುಗಳ ಲೆಕ್ಕ. ಆಗಿನ ಬೇಸಿಕ್‌ನಲ್ಲಿ ಪ್ರತಿ ಸಾಲಿಗೂ ನಂಬರ್ ಇರುತ್ತಿತ್ತು. 1000ಕ್ಕಿಂತ ಕೆಳಗಿನ ಸಾಲುಗಳು ಆಯಾ ಯಂತ್ರಕ್ಕೆ ಮೀಸಲು. ಪರದೆ ಒರೆಸಬೇಕೆ? ‘ಗೋಸಬ್ 100’ ಅನ್ನಿ, ಅಂದರೆ 100ನೇ ಸಾಲಿಗೆ ಹೋಗಿ ಅಲ್ಲಿನ ಕೆಲಸ ಮುಗಿಸಿ ವಾಪಸ್ ಬಾ ಅಂತ. ಕರ್ಸರ್ ಇಡಬೇಕೆ? ‘ಗೋಸಬ್ 110’. ಆ ಕೆಲಸ ಕಮೊಡೋರ್‌ನಲ್ಲಿ ಹೇಗೆ, ಆಪಲ್‌ನಲ್ಲಿ ಹೇಗೆ ಅನ್ನೋದು ಬರೆದವನ ತಲೆನೋವಲ್ಲ. ನಿಮ್ಮ ಪ್ರೋಗ್ರಾಮು 1000ದಿಂದ ಶುರು. ಇನ್ನು 30000ದಿಂದ ಮುಂದಿನ ಸಾಲುಗಳು ಬರೀ ಟಿಪ್ಪಣಿಗೆ: ಇದು ಏನು ಮಾಡುತ್ತದೆ, ಬರೆದವರು ಯಾರು ಅಂತ. ಒಂದೊಂದು ಅಕ್ಷರಕ್ಕೂ ಪ್ರಸಾರದ ಸಮಯ ಖರ್ಚಾಗುವ ಕಾಲದಲ್ಲಿ ಟಿಪ್ಪಣಿಗೆ ಅಷ್ಟು ಜಾಗ ಬಿಟ್ಟಿದ್ದರು ನೋಡಿ.

ಇದು ಗಡಿ ದಾಟಿ ಹೋಯಿತು. ಬಿಬಿಸಿ ರೇಡಿಯೊ 4ರ ‘ದಿ ಚಿಪ್ ಶಾಪ್’ನಲ್ಲಿ ಬಂತು. ದಶಕದ ಕೊನೆಯ ಹೊತ್ತಿಗೆ ಪೂರ್ವ ಜರ್ಮನಿಯ ರೇಡಿಯೊ ಕೂಡ ಬೇಸಿಕೋಡ್ ಪ್ರಸಾರ ಮಾಡಿತು. ಬರ್ಲಿನ್ ಗೋಡೆ ಇನ್ನೂ ನಿಂತಿದ್ದಾಗಲೇ ಎರಡೂ ಕಡೆಯವರಿಗೆ ಒಂದೇ ಗೋಸಬ್!

ಈಗ ನಮ್ಮ ಕಾಲಕ್ಕೆ ಬರೋಣ. ಆಫೀಸಿನ ಗ್ರೂಪಿನಲ್ಲಿ ಒಂದು ಸಾಲು ಕೋಡ್ ಬಂದು ಬೀಳುತ್ತದೆ. ಕೆಳಗೆ ‘ಸಖತ್ತಾಗಿದೆ, ಯೂಸ್ ಮಾಡಿ’ ಅಂತ ಒಂದು ಮಾತು. ಅಷ್ಟೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ನಾವೂ ಅಂಟಿಸಿಕೊಳ್ಳುತ್ತೇವೆ. ಆ 30000ದ ಸಾಲುಗಳು ಎಲ್ಲಿ ಹೋದವು?

ಒಂದು ಉದಾಹರಣೆ ಹೇಳುತ್ತೇನೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದವನ್ನು ಹಿಂದುಮುಂದಾಗಿ ತಿರುಗಿಸಲು ಒಂದು ಪುಟ್ಟ ತಂತ್ರ ಇದೆ. ಪದದ ಹೆಸರು ಬರೆದು, ಚೌಕ ಬ್ರ್ಯಾಕೆಟ್ಟಿನಲ್ಲಿ ಎರಡು ಕೋಲನ್, ಒಂದು ಮೈನಸ್, ಒಂದು 1. ಪದಬಂಧ, ಪದದಾಟ ಮಾಡುವವರು ಇದನ್ನು ಸುಮ್ನೆ ಎತ್ತಿಕೊಳ್ಳುತ್ತಾರೆ. ‘ಕನ್ನಡ’ ಅಂತ ಕೊಟ್ಟು ನೋಡಿ. ‘ಡನ್ನಕ’ ಅಂತ ಬರುತ್ತದೆ. ಸರಿಯಾಗಿಯೇ ಇದೆ ಅಲ್ವಾ? ಈಗ ‘ಮೈಸೂರು’ ಕೊಡಿ. ಮೊದಲಿಗೆ ಯಾರಿಗೂ ಅಂಟದ ಒಂದು ಉಕಾರದ ಕೊಂಬು, ಆಮೇಲೆ ‘ರೂಸೈಮ’. ‘ಅಕ್ಷರ’ ಕೊಟ್ಟರೆ ‘ಕ್ಷ’ ಹೋಗಿ ‘ಷ್ಕ’ ಆಗುತ್ತದೆ.

ಯಾಕೆ ಹೀಗೆ? ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಉಳಿಸುವ ಪದ್ಧತಿಯಾದ ಯುನಿಕೋಡ್‌ನಲ್ಲಿ ‘ಕನ್ನಡ’ ಅಂದರೆ ಐದು ಗುರುತು: ಕ, ನ, ಒಂದು ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಮತ್ತೊಂದು ನ, ಡ. ನಡುವಿನದು ಎರಡೂ ‘ನ’ ಆದ್ದರಿಂದ ತಿರುಗಿಸಿದರೂ ಹಾಗೇ ಉಳಿಯಿತು. ಅದು ಅದೃಷ್ಟ, ಕೋಡಿನ ಜಾಣತನ ಅಲ್ಲ. ‘ಮೈಸೂರು’ನಲ್ಲಿ ಕೊಂಬು, ಐತ್ವ ಎಲ್ಲ ಬೇರೆ ಬೇರೆ ಗುರುತುಗಳು. ತಿರುಗಿಸಿದಾಗ ಅವು ಪಕ್ಕದ ಅಕ್ಷರಕ್ಕೆ ಹೋಗಿ ಅಂಟುತ್ತವೆ.

ಇದಕ್ಕೆ ಪರಿಹಾರ ಅಂತ ಇನ್ನೊಬ್ಬರು ಗ್ರೂಪಿನಲ್ಲಿ ಇನ್ನೊಂದು ಸಾಲು ಹಾಕುತ್ತಾರೆ. ‘ರೆಜೆಕ್ಸ್’ ಎಂಬ ಪೈಥಾನ್ ಪ್ಯಾಕೇಜ್ ಹಾಕಿಕೊಂಡು, ಪದವನ್ನು ಪೂರ್ತಿ ಅಕ್ಷರಗಳಾಗಿ ಬಿಡಿಸುವ ‘ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್’ ನಿಯಮ ಬಳಸಿ ಅಂತ. ಅದು ಮೈಸೂರನ್ನು ‘ರುಸೂಮೈ’ ಅಂತ ಸರಿಯಾಗಿ ತಿರುಗಿಸುತ್ತದೆ. ಆದರೆ ಈ ನಿಯಮ ಕನ್ನಡದ ಒತ್ತಕ್ಷರವನ್ನು ಹಲಂತದ ಹತ್ತಿರ ಕತ್ತರಿಸುವುದುಂಟು. ಆಗ ‘ಕನ್ನಡ’ವೇ ಕೆಡುತ್ತದೆ, ‘ಡನನ್ಕ’ ಆಗುತ್ತದೆ! ಮೊದಲ ತುಣುಕಿನಲ್ಲಿ ಸರಿ ಬಂದದ್ದು ಎರಡನೆಯದರಲ್ಲಿ ತಪ್ಪು, ತಪ್ಪಿದ್ದು ಸರಿ. ಹಲಂತದ ಮುಂದೆ ವ್ಯಂಜನ ಇದ್ದರೆ ಎರಡನ್ನೂ ಸೇರಿಸು ಅಂತ ಒಂದು ನಿಯಮ ನಾವೇ ಬರೆದುಕೊಳ್ಳಬೇಕು. ಹೆಸರನ್ನು 20 ಅಕ್ಷರಕ್ಕೆ ಕತ್ತರಿಸುವ ಕೋಡಿಗೂ ಇದೇ ಗತಿ, ಅದಕ್ಕೇ ಪಟ್ಟಿಗಳಲ್ಲಿ ಅರ್ಧಕ್ಕೆ ಮುರಿದ ಒತ್ತುಗಳು ಕಾಣಿಸೋದು.

ಹಾಗಾಗಿ ಕೋಡ್ ಹಂಚುವಾಗ ಜೊತೆಗೆ ಎರಡು ಸಾಲು ಹಾಕಿ. ಯಾವ ಪದ ಕೊಟ್ಟು ನೋಡಿದಿರಿ, ಏನು ಬಂತು, ಎಲ್ಲಿ ಕೆಟ್ಟಿತು. ಕನ್ನಡದ ಕೋಡಾದರೆ ಒಂದು ಗುಣಿತಾಕ್ಷರ, ಒಂದು ಒತ್ತಕ್ಷರ, ಅರ್ಕಾವತ್ತು ಇರುವ ಒಂದು ಪದ, ಈ ಮೂರು ಇರಲಿ. ವರ್ಷನ್ ಕೂಡ ಹೇಳಿ. ಪೈಥಾನ್ 2ರಲ್ಲಿ 7 ಭಾಗಿಸು 2 ಅಂದರೆ 3, ಪೈಥಾನ್ 3ರಲ್ಲಿ 3.5. ಎರಡೂ ಕಡೆ ಎರರ್ ಬರೋದಿಲ್ಲ, ಉತ್ತರ ಮಾತ್ರ ಬೇರೆ. ಎರರ್ ಬಂದರಾದರೂ ಪುಣ್ಯ, ಗೊತ್ತಾಗುತ್ತದೆ.

ದಯವಿಟ್ಟು ಕೋಡಿನ ಫೋಟೊ ಕಳಿಸಬೇಡಿ. ಮಾನಿಟರಿಗೆ ಮೊಬೈಲ್ ಹಿಡಿದು ಅಡ್ಡಡ್ಡ ತೆಗೆದ ಫೋಟೊ ನೋಡಿ ಟೈಪ್ ಮಾಡುವ ಶಿಕ್ಷೆ ಯಾರಿಗೂ ಬೇಡ. ಪಠ್ಯವಾಗಿಯೇ ಕಳಿಸಿ. ಆಗಲೂ ಮೊಬೈಲಿನ ಕೀಲಿಮಣೆ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಮಾಡಿರಬಹುದು. ಪೈಥಾನ್ ಅದನ್ನು ಒಪ್ಪೋದಿಲ್ಲ. ಅಂಟಿಸಿದ ಕೋಡ್ ಕಾರಣವಿಲ್ಲದೆ ಓಡದಿದ್ದರೆ ಮೊದಲು ಆ ಚಿಹ್ನೆ ನೋಡಿ.

ಕೊನೆಯದಾಗಿ ಪಾಸ್‌ವರ್ಡ್ ವಿಷಯ. ಹಂಚುವ ತುಣುಕಿನಲ್ಲಿ ಡೇಟಾಬೇಸ್ ಪಾಸ್‌ವರ್ಡೋ, ಬೇರೆ ಸೇವೆಯನ್ನು ಬಳಸಲು ಕೊಡುವ ಗುಟ್ಟಿನ ಎಪಿಐ ಕೀಲಿಯೋ ಉಳಿದಿದೆಯಾ ಅಂತ ಕಳಿಸುವ ಮೊದಲು ಒಮ್ಮೆ ನೋಡಿ. ಕೋಡಿನ ಬದಲಾವಣೆಗಳನ್ನೆಲ್ಲ ಉಳಿಸಿಡುವ ಗಿಟ್‌ಗೆ ಹಾಕಿ ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದರೆ, ಫೈಲ್ ಅಳಿಸಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ, ಅಂದರೆ ಹಿಂದೆ ಉಳಿಸಿದ ಪ್ರತಿಯಲ್ಲಿ, ಅದು ಇದ್ದೇ ಇರುತ್ತದೆ. ಮೊದಲು ಆ ಕೀಲಿಯನ್ನೇ ರದ್ದು ಮಾಡಿ ಹೊಸದು ತಗೊಳ್ಳಿ. ಫೈಲ್ ಶುಚಿ ಮಾಡೋದು ಆಮೇಲೆ.

ನಮಸ್ಕಾರ.