48 ಗಂಟೆಯಲ್ಲಿ ಒಂದು ಸಿನಿಮಾ: ಕೊಡಗಲ್ಲಿ ಕೂತು ಯಾಕೆ ಮಾಡ್ಬೇಕು?

ನಮಸ್ಕಾರ. ಸೋಮವಾರಪೇಟೆ ಕಡೆಯ ವೀಕ್ಷಕರೊಬ್ಬರ ಪ್ರಶ್ನೆ: "ಎರಡು ದಿನದಲ್ಲಿ ಒಳ್ಳೆ ಸಿನಿಮಾ ಆಗಲ್ಲ ಅಂತ ಗೊತ್ತಿದ್ದೂ ಜನ ಆ ಸ್ಪರ್ಧೆಗೆ ಯಾಕೆ ಹೋಗ್ತಾರೆ?"

ನಿಯಮ ಬೇಗ ಹೇಳಿಬಿಡ್ತೀನಿ. 2001ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ '48 ಅವರ್ ಫಿಲ್ಮ್ ಪ್ರಾಜೆಕ್ಟ್' ಅನ್ನೋ ಕಿರುಚಿತ್ರ ಸ್ಪರ್ಧೆ ಶುರುವಾಯ್ತು. ನಮ್ಮಲ್ಲಿ 2011ರಲ್ಲಿ ಹುಟ್ಟಿದ 'ಇಂಡಿಯಾ ಫಿಲ್ಮ್ ಪ್ರಾಜೆಕ್ಟ್' (ಈಗ ಐಎಫ್‌ಪಿ) 50 ಗಂಟೆಯ ಸ್ಪರ್ಧೆಗೆ ಹೆಸರುವಾಸಿ. ಮೊಬೈಲಲ್ಲಿ ತೆಗೆಯೋರಿಗೂ ಅಲ್ಲಿ ಜಾಗ ಇದೆ. ಕಥೆ, ಶೂಟಿಂಗ್, ಎಡಿಟಿಂಗ್ ಎಲ್ಲ ಆ ಗಡುವಿನೊಳಗೇ.

(ತೆರೆ ಮೇಲೆ: ಒಂದು ಪಾತ್ರ, ಒಂದು ವಸ್ತು, ಒಂದು ಮಾತು)

ನಂಗೆ ತುಂಬಾ ಇಷ್ಟವಾದದ್ದು ಇದು. 48 ಗಂಟೆ ಸ್ಪರ್ಧೆಯಲ್ಲಿ ಶುಕ್ರವಾರ ಸಂಜೆ ಪ್ರತಿ ತಂಡ ಚೀಟಿ ಎತ್ತುತ್ತೆ: ಹಾಸ್ಯವೋ, ಹಾರರ್ರೋ. ಜೊತೆಗೆ ಆ ಊರಿನ ಎಲ್ಲ ತಂಡಕ್ಕೂ ಒಂದೇ ಪಾತ್ರ, ಒಂದೇ ವಸ್ತು, ಒಂದೇ ಸಂಭಾಷಣೆ. ಮೂರೂ ಸಿನಿಮಾದಲ್ಲಿ ಇರಲೇಬೇಕು. ಮೊದಲೇ ತೆಗೆದಿಟ್ಟದ್ದನ್ನ ಯಾರೂ ತರಬಾರದು ಅಂತ ಈ ಉಪಾಯ. ಆದ್ರೆ ಇದರಿಂದ ಕಥೆನೇ ಹುಟ್ಟುತ್ತೆ!

ನೋಡಿ, ನಾನೇ ಒಂದು ಸೆಟ್ ಕೊಡ್ತೀನಿ. ಬ್ಯಾಂಕ್ ನೌಕರ. ಕೊಡೆ. "ಇನ್ನೊಂದ್ಸಲ ಎಣಿಸಿ." ಜುಲೈ ತಿಂಗಳು, ಮಡಿಕೇರಿ. ಎಲ್ಲರ ಕೈಯಲ್ಲೂ ಕೊಡೆ, ಹಾಗಾಗಿ ಕೊಡೆ ತೋರಿಸಿದ್ರೆ ಯಾರೂ ಗಮನಿಸಲ್ಲ. ಹಾಗಾದ್ರೆ ಕೊಡೆ ಇದ್ದೂ ಬಿಚ್ಚದವನನ್ನ ತೋರಿಸೋಣ. ಬ್ಯಾಂಕಿನವರು ತೊಪ್ಪೆಯಾಗಿ ಒಂದು ತೋಟದ ಮನೆಗೆ ಬರ್ತಾರೆ. ಯಾಕೆ ಬಿಚ್ಚಲಿಲ್ಲ? ಹೋದ ಮಳೆಗಾಲದಲ್ಲಿ ಆ ಮನೆಯ ಯಜಮಾನರೇ ಕೊಟ್ಟು ಕಳಿಸಿದ ಕೊಡೆ ಅದು. ಈಗ ಯಜಮಾನರಿಲ್ಲ. ಇವರು ಬಂದಿರೋದು ಸಾಲದ ನೋಟಿಸ್ ಹಿಡ್ಕೊಂಡು. ಗೋದಾಮಲ್ಲಿ ಮಗಳು ಕಾಫಿ ಮೂಟೆ ಲೆಕ್ಕ ಹಾಕ್ತಿದ್ದಾಳೆ, ಸಾಲಕ್ಕೆ ಸಾಲದು ಅಂತ ಇಬ್ಬರಿಗೂ ಗೊತ್ತು. ಆದ್ರೂ ಅವರು ಹೇಳ್ತಾರೆ: "ಇನ್ನೊಂದ್ಸಲ ಎಣಿಸಿ." ಇಬ್ಬರು ನಟರು, ಒಂದು ಮನೆ, ಐದು ನಿಮಿಷ. ಆರಾಮಾಗಿ ವರ್ಷ ಕೂತು ಯೋಚಿಸಿದ್ರೂ ಈ ಕೊಡೆ ನಂಗೆ ಹೊಳೀತಿರಲಿಲ್ಲ.

ನನ್ನ ಉತ್ತರ ಇದೇ. ಮನಸ್ಸಲ್ಲಿ ಕಥೆ ಇರೋರು ಕೊಡಗಲ್ಲಿ ತುಂಬಾ ಜನ. ಒಳ್ಳೆ ಕ್ಯಾಮೆರಾ ಬರಲಿ, ಮಳೆ ನಿಲ್ಲಲಿ, ಬೆಂಗಳೂರಿಗೆ ಹೋಗೋಣ ಅಂತ ಕಾಯ್ತಾರೆ. ಗಡುವು ಕಾಯೋಕೆ ಬಿಡಲ್ಲ. ಮಡಿಕೇರಿ ದಸರಾದಲ್ಲಿ ನಮ್ಮ ದಶಮಂಟಪ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ನೋಡಿ: ಕೆಲಸ ಎಷ್ಟೇ ಬಾಕಿ ಇರಲಿ, ವಿಜಯದಶಮಿ ರಾತ್ರಿ ಹೊರಡಲೇಬೇಕು. ಹೊರಡುತ್ತೆ.

ಮಂಜು ಕವಿದು ಬೆಳಿಗ್ಗೆಯ ಶಾಟಿಗೂ ಮಧ್ಯಾಹ್ನದ್ದಕ್ಕೂ ಹೊಂದಲಿಲ್ವಾ? ಮಂಜನ್ನೇ ಕಥೆಗೆ ಸೇರಿಸಿ. ಶೀಟಿನ ಮೇಲೆ ಮಳೆ ಬಡಿದು ಮಾತು ಕೇಳ್ತಿಲ್ವಾ? ಮಾತು ಕಡಿಮೆ ಮಾಡಿ, ಮುಖ ತೋರಿಸಿ. ಇದನ್ನ ಕಲಿಯೋಕೆ ಸಿನಿಮಾ ಮುಗಿಸಲೇಬೇಕು.

ಸಮಯ ಆಗ್ತಿದೆ, ಉಳಿದದ್ದು ಒಟ್ಟಿಗೇ ಹೇಳ್ತೀನಿ. ನಮ್ಮ ಕೊಡಗಿನ ಭಾಷೆಗಳಾದ ಕೊಡವ ತಕ್ಕ್, ಅರೆಭಾಷೆಯಲ್ಲಿ ಮಾಡೋದಾದ್ರೆ ಸಬ್‌ಟೈಟಲ್ ನಿಯಮ ಮೊದಲೇ ಓದಿ. ಬೇರೆಯವರ ಹಾಡು ಬಳಸಬೇಡಿ. ತೋಟದವರ ಒಪ್ಪಿಗೆ ಮುಂಚೆಯೇ ಕೇಳಿಟ್ಟುಕೊಳ್ಳಿ. ಕರೆಂಟು ಹೋಗೋ ಊರಲ್ಲಿ ಶುಕ್ರವಾರವೇ ಎಲ್ಲ ಬ್ಯಾಟರಿ ಚಾರ್ಜ್ ಮಾಡಿ. ನೆಟ್‌ವರ್ಕ್ ಸಿಗೋ ಮನೆ ಯಾವುದು ಅಂತ ನೋಡಿಟ್ಟಿರಿ, ಅಪ್‌ಲೋಡ್ ಕೊನೆ ಗಂಟೆಗೆ ಇಡಬೇಡಿ. ಮತ್ತೆ ಎಡಿಟ್ ಮಾಡೋರನ್ನ ಶನಿವಾರದ ಶೂಟಿಂಗಿಗೆ ಕರೀಲೇಬೇಡಿ, ಮಲಗೋಕೆ ಬಿಡಿ. ಆ ರಾತ್ರಿಯಿಡೀ ಅವರದೇ ಕೆಲಸ.