ನಾಯಿಗೂ ದೋಣಿಯಲ್ಲಿ ಜಾಗ ಇರಲಿ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಬಾಗಿಲಿಗೆ ಬಂದಿದೆ. ಈ ಮಾತು ಇವತ್ತೇ ಆಡಬೇಕು ಅಂತ ಹಟ ಹಿಡಿದು ಬಂದಿದ್ದೇನೆ.

2020ರ ಸೆಪ್ಟೆಂಬರ್ 20, ಭಾನುವಾರ. ಆ ದಿನದ ನೆರೆಯನ್ನು ಉಡುಪಿಯವರು ಯಾರೂ ಮರೆತಿರಲಿಕ್ಕಿಲ್ಲ. ಬೆಳಗಾಗುವಾಗ ಕಲ್ಸಂಕದಲ್ಲಿ ರಸ್ತೆ ಯಾವುದು, ತೋಡು ಯಾವುದು ಗೊತ್ತಾಗುತ್ತಿರಲಿಲ್ಲ. ತಗ್ಗಿನ ಒಂದು ಮನೆಯ ಅಜ್ಜಿ ದೋಣಿ ಹತ್ತಲು ಒಪ್ಪಲೇ ಇಲ್ಲ. ಒಳಗೆ ಬೆಕ್ಕು, ಜಗಲಿಯಲ್ಲಿ ನಾಯಿ. "ಇವುಗಳನ್ನು ಬಿಟ್ಟು ನಾನು ಬರುವುದಿಲ್ಲ, ನೀವು ಹೋಗಿ ಮಕ್ಕಳೇ" ಅಂತ ಕೂತುಬಿಟ್ಟರು. ನೀರು ಏರುತ್ತಲೇ ಇದೆ. ಹುಡುಗರು ಬೇಡಿ ಬೇಡಿ ಸೋತರು. ಕೊನೆಗೆ ಒಬ್ಬ ಅಟ್ಟದಿಂದ ಎರಡು ಹೆಡಿಗೆ ಇಳಿಸಿದ. ಬೆಕ್ಕನ್ನು ದಿಂಬಿನ ಕವರಿಗೆ ಹಾಕಿ ಒಂದು ಹೆಡಿಗೆಯಲ್ಲಿಟ್ಟ. ಮೇಲೆ ಇನ್ನೊಂದನ್ನು ಕವುಚಿ ಬಾವಿ ಹಗ್ಗದಲ್ಲಿ ಬಿಗಿದ. ಅದರ ಬೊಬ್ಬೆ ಕೇಳಬೇಕಿತ್ತು ಮಾರಾಯ್ರೆ! ನಾಯಿಯ ಸರಪಳಿ ಬಿಚ್ಚಿದ್ದೇ ತಡ, ದೋಣಿಗೆ ಹಾರಿ ಎಲ್ಲರಿಗಿಂತ ಮುಂದೆ ಕೂತಿತು. ಅಜ್ಜಿ ಮರುಮಾತಾಡದೆ ಹತ್ತಿದರು.

ನಾನು ಹೇಳುವುದು ಇಷ್ಟೇ. ಪ್ರಾಣಿಗೆ ಜಾಗ ಇದ್ದರೆ ಮನುಷ್ಯರೂ ಹೊತ್ತಿಗೆ ಸರಿಯಾಗಿ ಹೊರಡುತ್ತಾರೆ. ಇದು ಬರೀ ದಯೆಯ ಮಾತಲ್ಲ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಸಾಕುಪ್ರಾಣಿ ಬಿಡಲಾಗದೆ ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷವೇ ಅಲ್ಲಿ ಕಾನೂನು ಬಂತು, ತೆರವಿನ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕು ಅಂತ. ನಮ್ಮ ಕರಾವಳಿಯಲ್ಲೂ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು ಹೋಯಿತಲ್ಲ, ಸಮುದ್ರ ಮನೆ ಬಾಗಿಲಿಗೆ ಬಂದದ್ದನ್ನು ನೋಡಿದ್ದೇವೆ. ಇನ್ನೂ ಏನಕ್ಕೆ ಕಾಯುವುದು?

ಹಾಗಾಗಿ ಮೊದಲ ಮಾತು ಸರಪಳಿ. ಕರೆದುಕೊಂಡು ಹೋಗಲು ಸಾಧ್ಯವೇ ಇಲ್ಲ ಅನ್ನುವ ಗಳಿಗೆ ಬಂದರೆ ಬಿಚ್ಚಿ ಹೋಗಿ. ಗೂಡಿನ ಬಾಗಿಲು ತೆರೆದಿಡಿ. ಹಟ್ಟಿಯ ದನದ ಹಗ್ಗವನ್ನೂ ಬಿಚ್ಚಿ. ಬಿಟ್ಟ ದನ ಈಜುತ್ತದೆ, ದಿಣ್ಣೆ ಹುಡುಕುತ್ತದೆ. ಕಟ್ಟಿದ್ದು ನಿಂತಲ್ಲೇ ಮುಳುಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಇನ್ನು ತಯಾರಿ. ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆಯಿರಿ, ಅಳಿಸಿ ಹೋಗದ ಮಸಿಯಲ್ಲಿ. ಗುಡುಗಿಗೆ ಬೆದರಿ ಓಡಿದ ನಾಯಿಗೆ ಅದೇ ವಿಳಾಸ. ಲಸಿಕೆ ಪುಸ್ತಕ, ನಿಮ್ಮ ಜೊತೆ ಅದು ನಿಂತ ಒಂದು ಫೋಟೋ, ಕೆಲವು ದಿನದ ತಿಂಡಿ, ಎಲ್ಲ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಬೆಕ್ಕಿಗೆ ಬುಟ್ಟಿಯ ಅಭ್ಯಾಸ ಈಗಲೇ ಮಾಡಿಸಿ. ಗಾಳಿ ಎದ್ದ ಮೇಲೆ ಹಿಡಿಯಲು ಹೋದರೆ ಕೈ ಪರಚಿಸಿಕೊಳ್ಳುವುದಷ್ಟೇ.

ನೆರೆ ನೀರಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಇಲಿ ಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ನಾಯಿಗೆ ಲಸಿಕೆ ಇದೆ, ವರ್ಷ ವರ್ಷ ಹಾಕಿಸಬೇಕು. ಆ ನೀರು ಕುಡಿಯಲು ಬಿಡಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹಾವಿನ ವಿಷಯ, ಕೋಳಿಗೂಡಿನ ವಿಷಯ ಇನ್ನೊಮ್ಮೆ ಆಗಲಿ. ಜಿಲ್ಲಾ ಕಂಟ್ರೋಲ್ ರೂಮ್ 1077, ಪಶು ಆಂಬುಲೆನ್ಸ್ 1962. ಬರೆದುಕೊಂಡಿರಾ? ನೆರೆ ಬಂದಾಗ ಜನರನ್ನು ಇರಿಸುವ ಕಾಳಜಿ ಕೇಂದ್ರ ಮಾಡುವ ಶಾಲೆಗಳಲ್ಲಿ ಒಂದು ಜಗಲಿಯನ್ನಾದರೂ ಪ್ರಾಣಿಗಳಿಗೆ ಬಿಟ್ಟುಕೊಡಿ ಅಂತ ಪಂಚಾಯತಿಗೆ ಅರ್ಜಿ ಬರೆದು ತಂದಿದ್ದೇನೆ. ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಚಾ ಕುಡಿಯುವ ಮೊದಲು ಸಹಿ ಹಾಕಿ.